ಒಂದು ರಾತ್ರಿ ತಮ್ಮ ಉಳಿದದ್ದಕ್ಕೆ ದಂಡ

‘ಅವಿವಾಹಿತ ಬಾಡಿಗೆದಾರರ ಮನೆಗಳಲ್ಲಿ ರಾತ್ರಿ ಹತ್ತು ಗಂಟೆಯ ನಂತರ ಹೊರಗಿನವರು ಯಾರೂ ಇರತಕ್ಕದ್ದಲ್ಲ. ತಂದೆ-ತಾಯಿ ಬರುವುದಿದ್ದಲ್ಲಿ ಗುರುತಿನ ಚೀಟಿ ಸಹಿತ ಮುಂಚಿತವಾಗಿ ಇ-ಮೇಲ್ ಮಾಡಿ ಅನುಮತಿ ಪಡೆಯತಕ್ಕದ್ದು. ತಪ್ಪಿದಲ್ಲಿ 2,000 ರೂ. ದಂಡ.’

2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಗೋಡೆಗೆ ಈ ಒಕ್ಕಣೆಯ ಹಾಳೆ ಅಂಟಿಸಿದರು. ಕೆಳಗೆ ಫ್ಲ್ಯಾಟ್ ಮಾಲೀಕರ ಅಸೋಸಿಯೇಷನ್ನಿನ ಸೀಲು, ಕಾರ್ಯದರ್ಶಿಯ ಸಹಿ. ಬೆಂಗಳೂರಿನಲ್ಲಿ ಒಂಟಿಯಾಗಿ ಬಾಡಿಗೆಗಿರುವ ಹೆಣ್ಣುಮಗಳಿಗೆ ಇಂಥ ಮಾತು ಹೊಸದಲ್ಲ. ಮನೆ ನೋಡಲು ಹೋದಾಗಲೇ ‘ಫ್ಯಾಮಿಲಿನಾ ಬ್ಯಾಚುಲರಾ’ ಎಂದು ಕೇಳುತ್ತಾರೆ. ಆಮೇಲೆ ಊರು, ಜಾತಿ, ಊಟ. ಕೊನೆಗೆ ‘ಯಾರಾದರೂ ಬಂದು ಹೋಗಿ ಮಾಡ್ತಾರಾ?’ ಎಂಬ ಪ್ರಶ್ನೆ. ನಾನು ಆ ಮನೆಗೆ ಬಂದು ವರ್ಷದ ಮೇಲಾಗಿತ್ತು, ಬಾಡಿಗೆ ಒಂದು ತಿಂಗಳೂ ತಡವಾಗಿರಲಿಲ್ಲ. ಹಾಳೆ ಓದಿ ಬೇಸರವಾಯಿತು. ಆದರೆ ಅದು ನನ್ನ ಬಾಗಿಲಿಗೆ ಬಂದದ್ದು ಆ ವರ್ಷದ ಮಳೆಗಾಲದಲ್ಲಿ.

ತಮ್ಮನಿಗೆ ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ನೇಮಕಾತಿ ಪರೀಕ್ಷೆ. ಶನಿವಾರ ಮಧ್ಯಾಹ್ನ ಸಾಗರದಲ್ಲಿ ಬಸ್ಸು ಹತ್ತಿದವನು ತುಮಕೂರು ದಾಟಿದ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಗೊರಗುಂಟೆಪಾಳ್ಯದಲ್ಲಿ ಇಳಿಯುವಷ್ಟರಲ್ಲಿ ಹತ್ತು ದಾಟಿತ್ತು. ಆಟೋ ಮಾಡಿಕೊಂಡು ಗೇಟಿಗೆ ಬಂದಾಗ ಹನ್ನೊಂದರ ಹತ್ತಿರ. ಸೆಕ್ಯೂರಿಟಿಯವರು ತಡೆದರು. ಗೇಟಿನ ಆ್ಯಪ್‌ನಲ್ಲಿ ನಾನು ‘ಅಪ್ರೂವ್’ ಒತ್ತಿದರೂ ಗೇಟು ತೆರೆಯಲಿಲ್ಲ.

‘ಮೇಡಂ, ನಿಮ್ಮ ಫ್ಲ್ಯಾಟಿಗೆ ಹತ್ತರ ಮೇಲೆ ಯಾರನ್ನೂ ಬಿಡಬೇಡಿ ಅಂತ ಹೇಳಿದ್ದಾರೆ. ನಾನೇನ್ ಮಾಡ್ಲಿ?’ ಎಂದರು ಅವರು. ರಾಯಚೂರು ಕಡೆಯವರು, ಹನ್ನೆರಡು ಗಂಟೆಯ ಪಾಳಿ ಮಾಡುವವರು. ಅವರ ಮೇಲೆ ನನಗೆ ಒಂದು ಕ್ಷಣವೂ ಸಿಟ್ಟು ಬರಲಿಲ್ಲ. ಕೆಳಗಿಳಿದು ಹೋಗಿ, ರಿಜಿಸ್ಟರಿನಲ್ಲಿ ನಾನೇ ‘ನನ್ನ ತಮ್ಮ, ನಾಳೆ ಪರೀಕ್ಷೆಗೆ ಬಂದಿದ್ದಾನೆ, ಜವಾಬ್ದಾರಿ ನನ್ನದು’ ಎಂದು ಬರೆದು ಸಹಿ ಮಾಡಿ ಒಳಗೆ ಕರೆದುಕೊಂಡು ಬಂದೆ. ಅನ್ನ-ಸಾರು ಬಡಿಸಿದೆ. ಅವನು ಹಾಲ್‌ಟಿಕೆಟ್ ಮತ್ತೊಮ್ಮೆ ನೋಡಿಕೊಂಡು ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿದ. ‘ಅಕ್ಕ, ನನ್ನಿಂದ ನಿಂಗೆ ತೊಂದ್ರೆ ಆಯ್ತಾ?’ ಎಂದು ಕೇಳಿದ. ನನಗೆ ಬಹಳ ನೋವಾದದ್ದು ಆ ಪ್ರಶ್ನೆಯಿಂದ. ಅಕ್ಕನ ಮನೆಗೆ ಬಂದು ತಮ್ಮ ಕೇಳಬಾರದ ಪ್ರಶ್ನೆ ಅದು.

ಮುಂದಿನ ತಿಂಗಳ ಮೇಂಟೆನೆನ್ಸ್ ಬಿಲ್ಲಿನಲ್ಲಿ ‘ನಿಯಮ ಉಲ್ಲಂಘನೆ: 2,000’ ಎಂಬ ಸಾಲು ಸೇರಿತ್ತು.

ಕೊಟ್ಟು ಸುಮ್ಮನಾಗು ಎಂದು ಹೇಳಿದವರೇ ಹೆಚ್ಚು. ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಇಬ್ಬರು ಹುಡುಗಿಯರು ಇದಕ್ಕಿಂತ ಕಷ್ಟ ಅನುಭವಿಸಿದವರು. ಒಬ್ಬಳಿಗೆ ತಾಯಿ ಆಪರೇಷನ್ನಿಗೆ ಬಂದಾಗ ‘ಎಷ್ಟು ದಿನ ಇರ್ತಾರೆ?’ ಎಂದು ಓನರ್ ಆಂಟಿ ದಿನಾ ಕೇಳುತ್ತಿದ್ದರಂತೆ. ಆದರೂ ನಾನು ಆ ದಂಡ ಕಟ್ಟಬಾರದೆಂದು ಮೊದಲ ದಿನವೇ ನಿರ್ಧರಿಸಿದೆ. ಹಣದ ಮಾತಲ್ಲ. ಕಟ್ಟಿದರೆ, ನನ್ನ ಮನೆಯಲ್ಲಿ ನನ್ನವರು ಮಲಗುವುದು ಅಪರಾಧ ಎಂದು ನಾನೇ ಬರೆದುಕೊಟ್ಟ ಹಾಗೆ.

ಮೊದಲು ಬಾಡಿಗೆ ಕರಾರುಪತ್ರ ತೆಗೆದು ಓದಿದೆ. ಬೆಂಗಳೂರಿನ ಹೆಚ್ಚಿನ ಕರಾರುಗಳಂತೆ ಅದೂ ಹನ್ನೊಂದು ತಿಂಗಳದ್ದು. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು ಮತ್ತು ಓಡಾಟ ತಪ್ಪಿಸಲು ಹನ್ನೊಂದರ ಪದ್ಧತಿ. ಇ-ಸ್ಟ್ಯಾಂಪ್ ಕಾಗದ, ಬೆರಳಚ್ಚಿನ ಅಂಗಡಿಯವನ ಹಳೇ ಮಾದರಿ, ಹೆಸರು-ವಿಳಾಸ ಮಾತ್ರ ಹೊಸದು. ಅದರಲ್ಲಿ ಅತಿಥಿಗಳ ಬಗ್ಗೆ ಒಂದಕ್ಷರವೂ ಇರಲಿಲ್ಲ. ಇದ್ದದ್ದು ಎರಡು ಸಾಲು: ಬಾಡಿಗೆದಾರರು ಮನೆಯನ್ನು ಒಳಬಾಡಿಗೆಗೆ ಕೊಡತಕ್ಕದ್ದಲ್ಲ; ಅಸೋಸಿಯೇಷನ್ನಿನ ಬೈಲಾಗಳಿಗೆ, ಅಂದರೆ ಅದರ ಲಿಖಿತ ನಿಯಮಾವಳಿಗೆ, ಬದ್ಧರಾಗಿರತಕ್ಕದ್ದು. ನನ್ನ ಇಡೀ ವ್ಯಾಜ್ಯ ಕೊನೆಗೆ ನಿಂತದ್ದು ಈ ಎರಡನೇ ಸಾಲಿನ ಮೇಲೆ.

ಓನರಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿರುವ ನಿವೃತ್ತ ಮೇಷ್ಟ್ರು. ಅಸೋಸಿಯೇಷನ್ ಜೊತೆ ಜಗಳ ಬೇಡ ಎನ್ನುತ್ತಾರೇನೋ ಎಂಬ ಅಂಜಿಕೆಯಿಂದಲೇ ಮಾತು ಶುರುಮಾಡಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಮನೆ ಬಾಡಿಗೆಗೆ ಕೊಟ್ಟಿರೋದು ನಾನು ಕಣಮ್ಮ, ಅವರಲ್ಲ. ತಮ್ಮ ಬಂದ್ರೆ ಎಲ್ಲಿ ಮಲಗಬೇಕು, ಬಸ್‌ಸ್ಟ್ಯಾಂಡಿನಲ್ಲಾ? ನೀನು ಬೈಲಾ ತರಿಸಿ ಓದು, ಆಮೇಲೆ ನನಗೆ ಹೇಳು’ ಎಂದರು. ನಾನು ಗೆಲ್ಲಲು ಅರ್ಧ ಕಾರಣ ಆ ಮಾತು. ಓನರ್ ಬೆನ್ನಿಗಿಲ್ಲದಿದ್ದರೆ ಬಾಡಿಗೆದಾರರು ಅಸೋಸಿಯೇಷನ್ನಿನ ಎದುರು ಉಳಿಯುವುದು ಕಷ್ಟ. ಏಕೆಂದರೆ ಸದಸ್ಯತ್ವ ಇರುವುದು ಮಾಲೀಕರಿಗೆ. ಸಭೆಯಲ್ಲಿ ಮತ ಹಾಕುವುದೂ ಅವರೇ.

ಬೈಲಾ ಪ್ರತಿ ಕೇಳಿ ಇ-ಮೇಲ್ ಮಾಡಿದೆ. ಉತ್ತರವಿಲ್ಲ. ಮತ್ತೆ ಮಾಡಿದೆ. ‘ಬಾಡಿಗೆದಾರರಿಗೆ ಕೊಡುವುದಿಲ್ಲ’ ಎಂಬ ಉತ್ತರ ಬಂತು. ಮೇಷ್ಟ್ರು ತಾವೇ ಮಾಲೀಕರಾಗಿ ಬರೆದಾಗ ಪಿಡಿಎಫ್ ಬಂತು. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತ ಸಂಘ. ಕೆಲವು ಅಪಾರ್ಟ್‌ಮೆಂಟುಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅಡಿಯಲ್ಲಿ ಇರುತ್ತವೆ. ಯಾವುದರಲ್ಲಿದೆ ಎಂದು ತಿಳಿದುಕೊಳ್ಳುವುದು ಮುಖ್ಯ, ಬೈಲಾ ಹೇಗೆ ತಿದ್ದಬೇಕು ಎಂಬುದು ಅದರ ಮೇಲೆ ನಿಲ್ಲುತ್ತದೆ. ರಾತ್ರಿ ಕೂತು ಎಲ್ಲವನ್ನೂ ಓದಿದೆ. ನಾಯಿ ಸಾಕುವುದು, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವುದು, ಪಾರ್ಕಿಂಗ್, ಜನರೇಟರ್ ಎಲ್ಲದರ ಬಗ್ಗೆಯೂ ಇತ್ತು. ಅತಿಥಿಗಳು ರಾತ್ರಿ ತಂಗುವುದರ ಬಗ್ಗೆ ಇರಲಿಲ್ಲ. ಅವಿವಾಹಿತ ಎಂಬ ಪದ ಎಲ್ಲಿಯೂ ಇರಲಿಲ್ಲ. ಲಿಫ್ಟಿನ ಹಾಳೆ ಸಮಿತಿಯ ನಾಲ್ಕೈದು ಜನ ಸೇರಿ ಹೊರಡಿಸಿದ ಸುತ್ತೋಲೆ, ಅಷ್ಟೆ.

ಇದನ್ನು ಇನ್ನೂ ಗಟ್ಟಿ ಮಾಡಿಕೊಳ್ಳಬೇಕಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. 15100 ಸಹಾಯವಾಣಿಗೆ ಕರೆ ಮಾಡಿದಾಗ ತಿಳಿಯಿತು. ಒಂದು ಬೆಳಿಗ್ಗೆ ರಜೆ ಹಾಕಿ ಎಚ್. ಸಿದ್ದಯ್ಯ ರಸ್ತೆಯಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುವ ನ್ಯಾಯದೇಗುಲಕ್ಕೆ ಹೋದೆ. ಅಲ್ಲಿಂದ ದಾರಿ ತೋರಿಸಿ, ಒಬ್ಬ ವಕೀಲೆಯ ಜೊತೆ ಮಾತಾಡಿಸಿದರು. ನಡುವಯಸ್ಸಿನವರು, ಕಾಗದ ಪೂರ್ತಿ ಓದದೆ ಒಂದು ಮಾತೂ ಆಡದವರು. ಅವರು ಬಿಡಿಸಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬಾಡಿಗೆಗಿರುವ ಎಷ್ಟೋ ಜನ ಹೆದರುವುದು ಇದು ಗೊತ್ತಿಲ್ಲದ್ದರಿಂದಲೇ.

ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯ್ದೆ ಇದೆ, ಜಾರಿಗೆ ಬಂದದ್ದು 2001ರ ಕೊನೆಯ ದಿನ. ಆದರೆ ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂ. ಮೀರಿದ ವಾಸದ ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಇವತ್ತು ಒಂದು ರೂಮು ಕೂಡ ಆ ದುಡ್ಡಿಗೆ ಸಿಗದು. ಹಾಗಾಗಿ ನಮ್ಮಂಥವರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನಾವೇ ಸಹಿ ಹಾಕಿದ ಕರಾರು. ಆ ಕಾಯ್ದೆಯ 108ನೇ ಕಲಮು ಬಾಡಿಗೆದಾರರಿಗೆ ಒಂದು ದೊಡ್ಡ ಭರವಸೆ ಕೊಡುತ್ತದೆ: ಬಾಡಿಗೆ ಕಟ್ಟುತ್ತಾ ಕರಾರು ಪಾಲಿಸುತ್ತಾ ಇರುವವರೆಗೆ ಅವರು ಮನೆಯನ್ನು ಅಡಚಣೆಯಿಲ್ಲದೆ ಅನುಭವಿಸಬಹುದು. ‘ಅಡಚಣೆಯಿಲ್ಲದೆ ಅನ್ನೋದು ಮುಖ್ಯ ನೋಡಿ. ಮನೆಯನ್ನು ಮನೆಯ ಹಾಗೆ ಬಳಸೋದು ಅದರೊಳಗೇ ಬರುತ್ತೆ. ನೆಂಟರು ಬರೋದು, ಉಳಿಯೋದು ಅದರ ಭಾಗವೇ’ ಎಂದರು ವಕೀಲೆ.

ಹಾಗಾದರೆ ಓನರುಗಳು ಅತಿಥಿ ಎಂದರೆ ಯಾಕೆ ಹೆದರುತ್ತಾರೆ? ಅವರ ನಿಜವಾದ ಅಂಜಿಕೆ ಒಳಬಾಡಿಗೆ. ಒಬ್ಬರಿಗೆ ಕೊಟ್ಟ ಮನೆಯಲ್ಲಿ ಮೆಲ್ಲಗೆ ಇನ್ನೊಬ್ಬರು ಸೇರಿ, ನಾಳೆ ಅವರೇ ಬಾಡಿಗೆದಾರರೆಂದು ಕೂತುಬಿಟ್ಟರೆ ಎಂಬುದು. ಇದು ಸುಳ್ಳು ಭಯವಲ್ಲ. ಆದರೆ ಕಾನೂನು ಇವೆರಡನ್ನೂ ಬೇರೆಯಾಗಿಯೇ ನೋಡುತ್ತದೆ. ದುಡ್ಡು ತೆಗೆದುಕೊಂಡು ಸ್ವಾಧೀನ ಬಿಟ್ಟುಕೊಟ್ಟರೆ ಒಳಬಾಡಿಗೆ. ತಮ್ಮ ಪರೀಕ್ಷೆಗೆ ಬಂದು ಒಂದು ರಾತ್ರಿ ಮಲಗಿ ಎದ್ದು ಹೋದರೆ ಅವನು ಅತಿಥಿ. ಬೀಗದ ಕೈ ನನ್ನ ಹತ್ತಿರವೇ ಇದೆ, ಬಾಡಿಗೆ ನಾನೇ ಕೊಡುತ್ತಿದ್ದೇನೆ.

ಪಿ.ಜಿ.ಯಲ್ಲಿ, ಅಂದರೆ ಪೇಯಿಂಗ್ ಗೆಸ್ಟ್ ಆಗಿ ಇರುವವರಿಗೆ ಈ ಲೆಕ್ಕ ಇಷ್ಟೇ ಅನುಕೂಲವಾಗಿ ಬರುವುದಿಲ್ಲ ಎಂದೂ ವಕೀಲೆ ಹೇಳಿದರು. ಅಲ್ಲಿ ಸಿಗುವುದು ಒಂದು ಮಂಚ, ಒಂದು ಬೀರು, ಊಟ. ಸಾಮಾನ್ಯವಾಗಿ ಅದು ಗುತ್ತಿಗೆಯಲ್ಲ, 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮಿನಲ್ಲಿ ಹೇಳುವ ಲೈಸೆನ್ಸ್, ಅಂದರೆ ಇರಲು ಕೊಟ್ಟ ಪರವಾನಗಿ. ಕೋಣೆಯ ಸ್ವಾಧೀನ ಪಿ.ಜಿ. ನಡೆಸುವವರ ಬಳಿಯೇ ಇರುತ್ತದೆ. ಅಲ್ಲಿ ‘ರಾತ್ರಿ ಹೊರಗಿನವರು ಬೇಡ’ ಎಂಬ ಷರತ್ತು ಬಲವಾಗಿ ನಿಲ್ಲುತ್ತದೆ, ಪಕ್ಕದ ಮಂಚದವಳ ನೆಮ್ಮದಿಯ ಪ್ರಶ್ನೆಯೂ ಇದೆ. ನಾನೇ ಮೊದಲು ಪಿ.ಜಿ.ಯಲ್ಲಿದ್ದಾಗ ಅಮ್ಮ ಬಂದರೆ ಮೆಜೆಸ್ಟಿಕ್ಕಿನ ಲಾಡ್ಜಿನಲ್ಲಿ ಇಬ್ಬರೂ ಉಳಿಯುತ್ತಿದ್ದೆವು. ಆ ಕಾರಣಕ್ಕೇ ಸಂಬಳದ ಮೂರನೇ ಒಂದು ಪಾಲು ಹೋದರೂ ಸರಿ ಎಂದು ಸ್ವಂತ ಬಾಡಿಗೆ ಮನೆ ಮಾಡಿದವಳು ನಾನು. ಅಮ್ಮ ಬಂದು ನಿರಾಳವಾಗಿ ನಾಲ್ಕು ದಿನ ಇರಲಿ ಎಂದೇ ಮಾಡಿದ ಮನೆಯಲ್ಲಿ ಅಮ್ಮನಿಗೂ ಇ-ಮೇಲ್ ಅನುಮತಿ!

ಮತ್ತೊಂದು ಪ್ರಶ್ನೆಯನ್ನು ನಾನು ಸಂಕೋಚಪಟ್ಟುಕೊಂಡು ಕೇಳಿದೆ. ಬಂದವರು ತಮ್ಮ ಅಲ್ಲದಿದ್ದರೆ? ಸ್ನೇಹಿತನಾಗಿದ್ದರೆ? ವಕೀಲೆ ಸಂಕೋಚವಿಲ್ಲದೆ ಉತ್ತರಿಸಿದರು. ಇಬ್ಬರು ವಯಸ್ಕರು ಒಂದೇ ಸೂರಿನಡಿ ರಾತ್ರಿ ಕಳೆಯುವುದನ್ನು ಅಪರಾಧವೆನ್ನುವ ಕಾನೂನು ದೇಶದಲ್ಲಿಲ್ಲ. 2019ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್, ಕೊಯಮತ್ತೂರಿನ ಒಂದು ಸರ್ವಿಸ್ ಅಪಾರ್ಟ್‌ಮೆಂಟಿಗೆ ಅಧಿಕಾರಿಗಳು ಬೀಗ ಹಾಕಿದ್ದ ಪ್ರಕರಣದಲ್ಲಿ ಇದನ್ನೇ ಹೇಳಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದದ್ದೂ ಇದೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಮೂಲಭೂತ ಹಕ್ಕನ್ನು ಮುಖ್ಯವಾಗಿ ಸರ್ಕಾರದ ವಿರುದ್ಧ ಹಿಡಿಯಬಹುದು, ಖಾಸಗಿ ಸಂಘದ ಮೇಲೆ ನೇರವಾಗಿ ಪ್ರಯೋಗಿಸುವುದು ಸುಲಭವಲ್ಲ ಎಂದು ವಕೀಲೆ ಎಚ್ಚರಿಸಿದರು. ‘ಕೋರ್ಟಿನ ಹೆಸರು ಹೇಳಿ ಹೆದರಿಸೋಕೆ ಹೋಗಬೇಡಿ. ನಿಮ್ಮ ಬಲ ಬೈಲಾದಲ್ಲಿದೆ. ಬೈಲಾದಲ್ಲಿ ಇಲ್ಲದ ದಂಡ ಹಾಕೋಕೆ ನಿಮಗೆ ಅಧಿಕಾರ ಎಲ್ಲಿಂದ ಬಂತು ಅಂತ ಕೇಳಿ, ಅಷ್ಟು ಸಾಕು’ ಎಂದರು.

ಅವರೇ ಕರಡು ಮಾಡಿಕೊಟ್ಟ ಪತ್ರ ಒಂದೇ ಪುಟದ್ದು. ಯಾವ ದಿನಾಂಕದ ಸುತ್ತೋಲೆ, ಬೈಲಾದ ಯಾವ ಕಲಮಿನ ಅಡಿ, ಯಾವ ಸಭೆಯ ಠರಾವು, ದಂಡ ವಿಧಿಸುವ ಮೊದಲು ನನ್ನ ವಿವರಣೆ ಕೇಳಿದ್ದೀರಾ ಎಂಬ ಪ್ರಶ್ನೆಗಳು. ಬೈಗುಳವಿಲ್ಲ, ಬೆದರಿಕೆಯಿಲ್ಲ. ನಾನೂ ಮೇಷ್ಟ್ರೂ ಸಹಿ ಹಾಕಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಅದೇ ಕಟ್ಟಡದ ಮೊದಲ ಮಹಡಿಯ ಆಫೀಸಿಗೆ ಪೋಸ್ಟಿನಲ್ಲಿ ಕಳಿಸುವುದೇ ಎಂದು ಅಮ್ಮ ಕೇಳಿದಳು. ಸ್ವೀಕೃತಿ ಕೈಯಲ್ಲಿರುವುದು ಬಹಳ ಮುಖ್ಯ ಎಂಬುದನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಬಂದ ಉತ್ತರ ಕಾಗದದಲ್ಲಲ್ಲ. ಕಾರ್ಯದರ್ಶಿಯವರು ಮಾತಾಡಲು ಕರೆದರು. ಮೇಷ್ಟ್ರು ಮೈಸೂರಿನಿಂದ ಬೆಳಗಿನ ರೈಲಿಗೆ ಬಂದರು. ಸಭೆಯಲ್ಲಿ ಸಮಿತಿಯವರು, ನಾನು, ಮೇಷ್ಟ್ರು, ಮತ್ತೆ ಕೇಳದೆಯೇ ಬಂದು ಕೂತ ನನ್ನ ಪಕ್ಕದ ಮನೆಯ ಅಜ್ಜಿ. ಅವರು ಆ ಕಟ್ಟಡದ ಮೊದಲ ಮಾಲೀಕರಲ್ಲಿ ಒಬ್ಬರು.

ಅಲ್ಲಿ ಕೂತಾಗಲೇ ನನಗೆ ಆ ಸುತ್ತೋಲೆ ಎಲ್ಲಿಂದ ಹುಟ್ಟಿತೆಂದು ತಿಳಿದದ್ದು. ಮೂರನೇ ಮಹಡಿಯಲ್ಲಿ ನಾಲ್ಕು ಹುಡುಗರು ಇದ್ದರು. ಯಾವುದೋ ರಾತ್ರಿ ಹತ್ತಿಪ್ಪತ್ತು ಜನ ಸೇರಿ ಹುಟ್ಟುಹಬ್ಬ ಮಾಡಿ, ಸ್ಪೀಕರ್ ಹಾಕಿ, ಕೆಳಗಿನ ಮನೆಯ ಹಸುಗೂಸು ಮಲಗಲಿಲ್ಲ; ಪೊಲೀಸರು ಬಂದು ಹೋದರು. ಅದಾದ ಮೇಲೆ ನೀರು. 2024ರ ಮಾರ್ಚ್-ಏಪ್ರಿಲ್ ಬೆಂಗಳೂರಿನಲ್ಲಿದ್ದವರು ಯಾರೂ ಮರೆಯುವುದಿಲ್ಲ. ಬೋರ್‌ವೆಲ್ ಬತ್ತಿ, ಕಾವೇರಿ ನೀರು ಸಾಲದೆ, ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂ. ದಂಡ ಎಂದು ಆದೇಶಿಸಿದ ದಿನಗಳು. ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ನೀರು ಬಿಡುತ್ತಿದ್ದರು. ಆಗ ‘ಇದ್ದವರಿಗೇ ನೀರಿಲ್ಲ, ಬಂದವರಿಗೆ ಎಲ್ಲಿಂದ ತರೋದು?’ ಎಂಬ ಮಾತು ಎದ್ದಿತ್ತು. ಇದನ್ನು ಕೇಳಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಶಬ್ದ, ನೀರು, ಅಪರಿಚಿತರು ಓಡಾಡುವ ಆತಂಕ: ಮೂರೂ ನ್ಯಾಯವಾದ ದೂರುಗಳೇ. ನನ್ನ ತಕರಾರು ಇಷ್ಟೇ: ಈ ಮೂರಕ್ಕೂ ಮದುವೆಗೂ ಏನು ಸಂಬಂಧ?

ಕಾರ್ಯದರ್ಶಿಯವರು, ‘ರಾತ್ರಿ ಹತ್ತು ಅಂತ ನಾವು ಸುಮ್ನೆ ಹಾಕಿಲ್ಲ ಮೇಡಂ, ಕಾನೂನಿನಲ್ಲೇ ಇದೆ’ ಎಂದರು. ಕಾನೂನಿನಲ್ಲಿ ಇರುವುದು ನಿಜ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ವಾಸದ ಪ್ರದೇಶದಲ್ಲಿ ಆಗ 45 ಡೆಸಿಬೆಲ್ ಮಿತಿ, ಹಗಲು 55. ಆ ನಿಯಮ ಇರುವುದು ಸದ್ದಿಗೆ. ಮನುಷ್ಯರು ಮಲಗುವುದಕ್ಕೆ ಅಲ್ಲ. ಇದನ್ನು ನಾನು ಹೇಳಿದಾಗ ಅವರು ವಾದ ಮಾಡಲಿಲ್ಲ, ಬರೆದುಕೊಂಡರು. ಅವರು ಕೆಟ್ಟವರಲ್ಲ. ಸಂಬಳವಿಲ್ಲದ ಕೆಲಸ ಹೊತ್ತು, ಎಲ್ಲರ ದೂರೂ ಕೇಳಿ ದಣಿದವರು.

ನೀರಿನ ಲೆಕ್ಕವನ್ನೂ ಮಾಡಿಕೊಂಡು ಹೋಗಿದ್ದೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಆ ಬೇಸಿಗೆಯಲ್ಲಿ ಜಿಲ್ಲಾಡಳಿತ 5 ಕಿ.ಮೀ. ಒಳಗಿನ 12,000 ಲೀಟರ್ ಟ್ಯಾಂಕರಿಗೆ ನಿಗದಿಮಾಡಿದ್ದ ದರ 1,000 ರೂಪಾಯಿ. ಒಬ್ಬ ಅತಿಥಿ ಎರಡು ದಿನ ಉಳಿದರೆ 270 ಲೀಟರ್, ಅಂದರೆ ಇಪ್ಪತ್ತೆರಡೂವರೆ ರೂಪಾಯಿಯ ನೀರು. ಹೊರಗೆ ಇದರ ಎರಡು ಪಟ್ಟು ಕೊಟ್ಟು ಟ್ಯಾಂಕರ್ ತರಿಸಿದ್ದರೂ ಐವತ್ತು ದಾಟುವುದಿಲ್ಲ. ‘ನೀರಿಗಾಗಿ ಅನ್ನುವುದಾದರೆ ನೀರಿನ ಹಣ ತೆಗೆದುಕೊಳ್ಳಿ, ಕೊಡುತ್ತೇನೆ. 2,000 ಯಾವುದಕ್ಕೆ?’ ಎಂದೆ. ಸಮಿತಿಯ ಖಜಾಂಚಿಯವರು ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿ ಸುಮ್ಮನಾದರು.

ಆಗ ಅಜ್ಜಿ ಬಾಯಿಬಿಟ್ಟರು. ‘ಹುಣಸೂರಿನಿಂದ ನನ್ನ ಮಗಳು, ಅಳಿಯ, ಮೊಮ್ಮಕ್ಕಳು ದಸರಾ ರಜೆಗೆ ಬಂದು ಹದಿನೈದು ದಿನ ಇದ್ರು. ಐದು ಜನ. ನನಗೆ ಯಾರೂ ದಂಡ ಹಾಕ್ಲಿಲ್ಲ. ಈ ಹುಡುಗಿ ತಮ್ಮ ಒಂದು ರಾತ್ರಿ ಇದ್ದದ್ದಕ್ಕೆ ಹಾಕಿದ್ರಿ. ನನಗೂ ಹಾಕಿ, ಇಲ್ಲಾ ಅವಳದ್ದೂ ತೆಗೀರಿ.’

ಒಬ್ಬ ಸದಸ್ಯರು ಮಾತ್ರ ಒಪ್ಪಲಿಲ್ಲ. ‘ತಮ್ಮ ಅಂತ ಹೇಳ್ಕೊಂಡು ಯಾರ್ಯಾರೋ ಬರ್ತಾರೆ, ನಮ್ಮ ಮನೇಲಿ ವಯಸ್ಸಿಗೆ ಬಂದ ಮಕ್ಕಳಿದ್ದಾರೆ’ ಎಂದರು. ಮೇಷ್ಟ್ರ ಮುಖ ಕೆಂಪಾಯಿತು. ನಾನೇ ಅವರ ಕೈ ಮುಟ್ಟಿ ತಡೆದು, ‘ಸರ್, ಬಂದವರು ಯಾರು ಅಂತ ರಿಜಿಸ್ಟರಿನಲ್ಲಿ ಬರೆಸಿಕೊಳ್ಳಿ. ಫೋನ್ ನಂಬರ್ ತಗೊಳ್ಳಿ. ಎಲ್ಲರ ಮನೆಗೆ ಬಂದವರದ್ದೂ ತಗೊಳ್ಳಿ. ಅದರಿಂದ ನನಗೂ ಭದ್ರತೆ. ಆದರೆ ನನ್ನ ಮನೆಗೆ ಬಂದವನು ನನಗೆ ಏನಾಗಬೇಕು ಅಂತ ನೀವು ತೀರ್ಮಾನ ಮಾಡಬೇಡಿ’ ಎಂದೆ. ಈ ಮಾತು ಹೇಳುವಾಗ ನನ್ನ ಧ್ವನಿ ನಡುಗಿತ್ತು. ಹೇಳಿದ್ದು ಮಾತ್ರ ಸರಿಯೆಂದು ಇವತ್ತಿಗೂ ನಂಬಿದ್ದೇನೆ. ನನ್ನ ಪಾಲಿಗೆ ತಮ್ಮನಾದದ್ದರಿಂದ ಹೋರಾಟ ಸುಲಭವಾಯಿತು. ಸಂಗಾತಿಯೋ ಗೆಳೆಯನೋ ಆಗಿದ್ದರೆ ಅದೇ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ತಲೆಯೆತ್ತಿ ಕೂರುವುದು ಎಷ್ಟು ಕಷ್ಟವಿತ್ತೆಂದು ನನಗೆ ಗೊತ್ತು. ಅವಳ ಹಕ್ಕು ನನ್ನದಕ್ಕಿಂತ ಕಡಿಮೆಯೇನಲ್ಲ.

ಅದೇ ತಿಂಗಳು ದಂಡದ ಸಾಲು ಬಿಲ್ಲಿನಿಂದ ಹೋಯಿತು. ಸುತ್ತೋಲೆ ತಿದ್ದಿ ಬರೆಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಹೊಸದರಲ್ಲಿ ಮಾಲೀಕರು-ಬಾಡಿಗೆದಾರರು, ಮದುವೆಯಾದವರು-ಆಗದವರು ಎಂಬ ಭೇದವಿಲ್ಲ. ರಾತ್ರಿ ಉಳಿಯುವವರ ಹೆಸರು, ಫೋನ್ ನಂಬರ್ ಗೇಟಿನಲ್ಲಿ ಬರೆಸಬೇಕು, ಅನುಮತಿ ಬೇಕಿಲ್ಲ. ಹದಿನೈದು ದಿನ ಮೀರಿ ಉಳಿಯುವವರಿದ್ದರೆ ಆಫೀಸಿಗೆ ತಿಳಿಸಿ ನೀರಿನ ಪಾಲು ಕೊಡಬೇಕು. ಹತ್ತರ ನಂತರ ಯಾವ ಮನೆಯಿಂದಲೂ ಸದ್ದು ಹೊರಗೆ ಬರಬಾರದು. ಇದರಲ್ಲಿ ನಾನು ಒಪ್ಪದ ಒಂದು ಅಂಶವೂ ಇಲ್ಲ.

ಕರಾರು ನವೀಕರಿಸುವಾಗ ಮೇಷ್ಟ್ರೂ ನಾನೂ ಒಂದು ಹೊಸ ಕಲಮು ಸೇರಿಸಿದೆವು. ಬೇಕಾದವರು ಹೀಗೇ ಬಳಸಿಕೊಳ್ಳಬಹುದು: ‘ಬಾಡಿಗೆದಾರರ ಕುಟುಂಬದವರು, ಸ್ನೇಹಿತರು ಹಾಗೂ ಇತರ ಅತಿಥಿಗಳು ಒಂದು ಬಾರಿಗೆ ಮೂವತ್ತು ದಿನ ಮೀರದಂತೆ ಮನೆಯಲ್ಲಿ ತಂಗಬಹುದು. ಅದಕ್ಕೆ ಮಾಲೀಕರ ಪೂರ್ವಾನುಮತಿ ಅಗತ್ಯವಿಲ್ಲ. ಮೂವತ್ತು ದಿನ ಮೀರಿದಲ್ಲಿ ಬರಹದಲ್ಲಿ ತಿಳಿಸತಕ್ಕದ್ದು. ಅತಿಥಿಗಳಿಂದ ಹಣ ಪಡೆದು ಮನೆಯನ್ನಾಗಲೀ ಭಾಗವನ್ನಾಗಲೀ ಬಿಟ್ಟುಕೊಟ್ಟಲ್ಲಿ ಅದು ಒಳಬಾಡಿಗೆ ಎಂದು ಪರಿಗಣಿಸಲ್ಪಡುವುದು.’ ಕೊನೆಯ ವಾಕ್ಯ ಬಹಳ ಮುಖ್ಯ. ಓನರ ಭಯ ಎಲ್ಲಿದೆಯೋ ಅಲ್ಲಿಗೇ ಅದು ಉತ್ತರ ಕೊಡುತ್ತದೆ. ಮನೆ ನೋಡುವಾಗ ಅಡ್ವಾನ್ಸ್ ಕೊಡುವ ಮೊದಲೇ ಈ ಕಲಮನ್ನು ಮುಂದಿಡಿ. ಹತ್ತು ತಿಂಗಳ ಅಡ್ವಾನ್ಸ್ ಅವರ ಕೈಗೆ ಹೋದ ಮೇಲೆ ನಮ್ಮ ಮಾತಿಗೆ ಬಲ ಉಳಿಯುವುದಿಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಎಂದಿದೆ, ಓನರು ಮನೆಯೊಳಗೆ ಬರಲು 24 ಗಂಟೆ ಮೊದಲು ತಿಳಿಸಬೇಕು ಎಂದೂ ಇದೆ. ಆದರೆ ಅದು ಮಾದರಿ. ಆಯಾ ರಾಜ್ಯ ತನ್ನ ಕಾನೂನಾಗಿ ತಂದಲ್ಲಿ ಮಾತ್ರ ಜಾರಿ.

ರಾತ್ರಿಯ ಅತಿಥಿಯ ಬಗ್ಗೆ ನಿಜವಾದ ಕಾನೂನೊಂದನ್ನೂ ನಾನು ಪಾಲಿಸಬೇಕಾಗಿ ಬಂತು. ನಮ್ಮ ಕಂಪನಿಯ ಜರ್ಮನಿಯ ಕಚೇರಿಯಿಂದ ಬಂದ ಸಹೋದ್ಯೋಗಿಯೊಬ್ಬಳು ವಾರಾಂತ್ಯಕ್ಕೆ ನಮ್ಮ ಮನೆಯಲ್ಲಿ ಉಳಿಯಲು ಆಸೆಪಟ್ಟಳು. ವಿದೇಶಿ ಪ್ರಜೆಯನ್ನು ಇಳಿಸಿಕೊಂಡವರು, ಹೋಟೆಲ್ಲೇ ಇರಲಿ ಮನೆಯೇ ಇರಲಿ, ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಅವರ ವಿವರ ಸಲ್ಲಿಸಬೇಕು; ಆಗ ಅದನ್ನು ‘ಸಿ ಫಾರಂ’ ಎನ್ನುತ್ತಿದ್ದರು. ಆನ್‌ಲೈನಿನಲ್ಲೇ ಆಗುತ್ತದೆ. ಪಾಸ್‌ಪೋರ್ಟ್, ವೀಸಾ ವಿವರ ಮುಂದಿಟ್ಟುಕೊಂಡು ಮೇಷ್ಟ್ರು ಮೈಸೂರಿನಿಂದ, ನಾನು ಇಲ್ಲಿಂದ ಫೋನಿನಲ್ಲೇ ಮಾತಾಡುತ್ತಾ ಭರ್ತಿ ಮಾಡಿದೆವು. ಇದಕ್ಕೆ ನನಗೆ ಯಾವ ಬೇಸರವೂ ಆಗಲಿಲ್ಲ. ಎಲ್ಲರಿಗೂ ಒಂದೇ, ಬರಹದಲ್ಲಿದೆ, ಯಾರ ಮರ್ಜಿಯೂ ಬೇಕಿಲ್ಲ. ಸಹೋದ್ಯೋಗಿಯನ್ನು ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಹೆಸರು ಬರೆಸಿ ಬಂದಳು.

ಇನ್ನೂ ಮುಗಿಯದ ಕೆಲಸ ಒಂದಿದೆ. ಹೊಸ ಬಾಡಿಗೆದಾರರು ತುಂಬಿಕೊಡುವ ಫಾರಂನಲ್ಲಿ ‘ಫ್ಯಾಮಿಲಿ / ಬ್ಯಾಚುಲರ್’ ಎಂಬ ಕಾಲಂ ಹಾಗೆಯೇ ಉಳಿದಿದೆ. ಮೂರನೇ ಮಹಡಿಯ ಹುಡುಗರು ಖಾಲಿ ಮಾಡಿದ ಮೇಲೆ ಆ ಮನೆಗೆ ಬಂದ ಇಬ್ಬರು ನರ್ಸ್‌ಗಳನ್ನು ಈ ಕಾಲಂ ತೋರಿಸಿಯೇ ಮತ್ತೆ ಅದೇ ಪ್ರಶ್ನೆ ಕೇಳಿದರಂತೆ. ಅದನ್ನು ತೆಗೆಸಲು ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಗೆ ಮೇಷ್ಟ್ರ ಹೆಸರಿನಲ್ಲಿ ಅರ್ಜಿ ಕೊಟ್ಟಾಗಿದೆ. ಅಜ್ಜಿ ಅನುಮೋದಕರಾಗಿ ಸಹಿ ಹಾಕಿದ್ದಾರೆ. ಮತ ಹಾಕುವ ಹಕ್ಕು ನನಗಿಲ್ಲದ್ದರಿಂದ ಈಗ ಸಂಜೆ ಹೊತ್ತು ಒಂದೊಂದೇ ಮನೆಯ ಬಾಗಿಲು ತಟ್ಟಿ ಮಾಲೀಕರ ಜೊತೆ ಮಾತಾಡುತ್ತಿದ್ದೇನೆ.